ಮನೆಯಲ್ಲೊಬ್ಬರಿಗೆ ಹೆಪಟೈಟಿಸ್ ಬಿ ಇದ್ದಾಗ ಉಳಿದವರು ವಹಿಸಬೇಕಾದ ಎಚ್ಚರಿಕೆ

ಪ್ರಶ್ನೆ: ರಕ್ತದಾನಕ್ಕೆ ಹೋಗಿದ್ದ ನನ್ನ ಪತಿಗೆ ಹೆಪಟೈಟಿಸ್ ಬಿ (ಯಕೃತ್ತಿಗೆ ತಗಲುವ ವೈರಾಣು) ಸೋಂಕು ಇರುವುದು ಕಳೆದ ವಾರ ತಿಳಿದುಬಂತು. ನಾನು ಈವರೆಗೆ ಲಸಿಕೆ ಪಡೆದಿಲ್ಲ. ಅವರ ತಟ್ಟೆ, ಲೋಟಗಳನ್ನು ಬೇರೆ ಇಡಬೇಕೆಂದು ಬಂಧುಗಳು ಹೇಳುತ್ತಿರುವುದರಿಂದ ಅವರು ಬಹಳ ನೊಂದಿದ್ದಾರೆ. ನಿಜವಾಗಿ ಯಾವ ವಿಷಯದಲ್ಲಿ ಎಚ್ಚರ ವಹಿಸಬೇಕು?

ಉತ್ತರ 1: ದಯವಿಟ್ಟು ತಟ್ಟೆ, ಲೋಟಗಳನ್ನು ಬೇರ್ಪಡಿಸಬೇಡಿ. ಒಟ್ಟಿಗೆ ಊಟ ಮಾಡುವುದರಿಂದಾಗಲಿ, ಅಪ್ಪಿಕೊಳ್ಳುವುದರಿಂದಾಗಲಿ, ಕೆಮ್ಮಿನಿಂದಾಗಲಿ ಈ ವೈರಾಣು ಹರಡುವುದಿಲ್ಲ. ಅದು ಮುಖ್ಯವಾಗಿ ರಕ್ತ ಹಾಗೂ ಲೈಂಗಿಕ ಸಂಪರ್ಕದ ಮೂಲಕ ಹರಡುತ್ತದೆ. ದೇಹದ ಹೊರಗೂ ಅದು ಕನಿಷ್ಠ 7 ದಿನ ಉಳಿಯಬಲ್ಲದಾದ್ದರಿಂದ, ರಕ್ತದ ಕಲೆ ಕಣ್ಣಿಗೆ ಕಾಣದಿದ್ದರೂ ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಸುವ ಸಾಧನಗಳನ್ನು ಹಂಚಿಕೊಳ್ಳಬಾರದು. ಗಾಯಗಳನ್ನು ಮುಚ್ಚಿಡಬೇಕು.

ಉತ್ತರ 2: ಮೇಲಿನದೆಲ್ಲವೂ ಸರಿ, ಆದರೆ ಲಸಿಕೆಯೇ ಎಲ್ಲಕ್ಕಿಂತ ಮುಖ್ಯ. ನೀವು ಮೊದಲು ರಕ್ತಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲವೆಂದು ಖಚಿತವಾದರೆ ತಡಮಾಡದೆ ಆರಂಭಿಸಿ. ಸಾಮಾನ್ಯವಾಗಿ 3 ಡೋಸ್‌ಗಳಿದ್ದು, ಮೊದಲನೆಯದಾದ 1 ತಿಂಗಳಿಗೆ ಎರಡನೆಯದನ್ನೂ 6 ತಿಂಗಳಿಗೆ ಮೂರನೆಯದನ್ನೂ ಕೊಡುತ್ತಾರೆ. ಕೊನೆಯ ಡೋಸ್ ಪಡೆದ 1–2 ತಿಂಗಳ ಬಳಿಕ ಪ್ರತಿಕಾಯ ಪರೀಕ್ಷೆ ಮಾಡಿಸಿ, ರಕ್ಷಣೆ ದೊರೆತಿದೆಯೆಂದು ತಿಳಿಯುವವರೆಗೆ ಕಾಂಡೋಮ್ ಬಳಸಿ.

ಉತ್ತರ 3: ನಾನೂ ಇದೇ ಸೋಂಕಿನೊಂದಿಗೆ ಬಾಳುತ್ತಿದ್ದೇನೆ. ನಿಮ್ಮವರು ಮದ್ಯವನ್ನು ದೂರವಿಟ್ಟು, ಯಕೃತ್ತಿನ ತಪಾಸಣೆಯನ್ನು ನಿಯಮಿತವಾಗಿ ಮಾಡಿಸಿಕೊಳ್ಳಲಿ. ಅಗತ್ಯವಿದ್ದವರಿಗೆ ವೈರಾಣುವನ್ನು ಹತ್ತಿಕ್ಕುವ ಮಾತ್ರೆಗಳಿವೆ.