ಬಾಕ್ಸಿಂಗ್ ಏಟು ಮಾಯಲು ಎಷ್ಟು ದಿನ ಬೇಕು? ಅನುಭವ ಇದ್ದವರು ಹೇಳಿ

ಮಗಳು ಬಾಕ್ಸಿಂಗ್ ಕಲಿಯುತ್ತಿದ್ದಾಳೆ, ಈಗ ಸ್ಪಾರಿಂಗ್ (ಜೊತೆಗಾರರ ಎದುರು ಅಭ್ಯಾಸದ ಕಾದಾಟ) ಶುರುವಾಗಿದೆ. ತೋಳು ಕಪ್ಪುಗಟ್ಟಿದೆ, ಒಂದು ಕಣ್ಣಿನ ಕೆಳಗೆ ಊದಿಕೊಂಡಿದೆ. ನಾಳೆಯೇ ಮತ್ತೆ ಹೋಗುತ್ತೇನೆ ಅನ್ನುತ್ತಾಳೆ. ಕಳಿಸಬಹುದಾ?

ಹಳೆಯ ಬಾಕ್ಸರ್:
ಮೇಡಂ, ಬರೀ ಮೇಲಿನ ಏಟಾದರೆ ಸುಮಾರು ಎರಡು ವಾರದಲ್ಲಿ ಹೋಗುತ್ತದೆ. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಸೋರಿರುತ್ತದೆ. ಮೊದಲು ಕೆಂಪು, ಆಮೇಲೆ ನೀಲಿ, ನೇರಳೆ, ಕೊನೆಗೆ ಹಸಿರು, ಹಳದಿ. ಹಳದಿಗೆ ತಿರುಗಿದರೆ ದೇಹ ಆ ರಕ್ತವನ್ನು ಕರಗಿಸುತ್ತಿದೆ ಅಂತ ಲೆಕ್ಕ. ಕಂದು ಮೈಬಣ್ಣದವರಲ್ಲಿ ಇಷ್ಟೆಲ್ಲ ಬಣ್ಣ ಕಾಣುವುದಿಲ್ಲ, ಕಪ್ಪಗೇ ಉಳಿದ ಹಾಗೆ ಇರುತ್ತದೆ. ಹಾಗಾಗಿ ನಾನು ಮುಟ್ಟಿ ನೋಡುತ್ತಿದ್ದೆ. ಒತ್ತಿದರೆ ನೋವಿಲ್ಲ, ಗಟ್ಟಿ ಗಂಟಿಲ್ಲ, ಕೈ ಪೂರ್ತಿ ಚಾಚಲು ಬರುತ್ತದೆ ಅಂದರೆ ಆ ಜಾಗ ತಯಾರು.

ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಒಂದು ಸಲಕ್ಕೆ 10–15 ನಿಮಿಷ ಸಾಕು, ದಿನಕ್ಕೆ ಮೂರ್ನಾಲ್ಕು ಸಲ. ಬಿಸಿ ಶಾಖ ಏನಿದ್ದರೂ ಆಮೇಲೆ. ಮನೆಯಲ್ಲಿ ಹಿರಿಯರು ಎಣ್ಣೆ ಹಚ್ಚಿ ತಿಕ್ಕೋಣ ಅನ್ನುತ್ತಾರೆ, ದಯವಿಟ್ಟು ಬೇಡ. ಹೊಸ ಏಟನ್ನು ತಿಕ್ಕಿದರೆ ಒಳಗೆ ಇನ್ನೂ ರಕ್ತ ಸೋರುತ್ತದೆ.

ಪಕ್ಕೆಗೆ ಬಿದ್ದ ಏಟಿನ ಲೆಕ್ಕವೇ ಬೇರೆ. ಮೇಲೆ ಕಲೆ ಹೋಗಿರುತ್ತದೆ, ಸೀನಿದರೆ, ಮಗ್ಗುಲು ಬದಲಿಸಿದರೆ ಜೀವ ಹೋದ ಹಾಗಾಗುತ್ತದೆ. ಅದಕ್ಕೆ ಮೂರರಿಂದ ಆರು ವಾರ ಬೇಕಾಗುತ್ತದೆ.

ಫಿಸಿಯೋ:
ಕೈ ಗೆಣ್ಣುಗಳನ್ನೂ ನೋಡಿ. ಮುಷ್ಟಿ ಕಟ್ಟಿದಾಗ ಕಿರುಬೆರಳಿನ ಗೆಣ್ಣು ಒಳಗೆ ಕುಸಿದಂತೆ ಕಂಡರೆ, ಅಥವಾ ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವಿದ್ದರೆ, ಎಕ್ಸ್‌ರೇ ಮಾಡಿಸಿ. ಮೂಳೆ ಬಿರುಕನ್ನು ಬರೀ ಊತ ಅಂದುಕೊಂಡು ಬರುವವರು ಬಹಳ. ಮೂಗಿಗೆ ಏಟು ಬಿದ್ದು ಒಳಗಡೆ ಊದಿ ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಗನನ್ನು ಕಳಿಸುವ ತಂದೆ:
ಕಣ್ಣಿನದೇ ನನಗೆ ಚಿಂತೆ. ಕಪ್ಪು ಕೆನ್ನೆಯ ತನಕ ಇಳಿದರೆ ಹೆದರಬೇಡಿ, ರಕ್ತ ಕೆಳಗೆ ಇಳಿಯುವುದು ಸಹಜ. ಆದರೆ ಎರಡೆರಡು ಕಾಣುವುದು, ಮಂಜಾಗುವುದು, ಕಣ್ಣುಗುಡ್ಡೆ ಆಡಿಸಿದರೆ ನೋವು, ಇದರಲ್ಲಿ ಒಂದಿದ್ದರೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯತನಕ ಮೂಗು ಜೋರಾಗಿ ಸೀಟಬಾರದು.

ತಲೆನೋವು, ವಾಂತಿ, ಮಂಕು, ವಿಪರೀತ ನಿದ್ದೆ ಇದೆಯಾ ಅಂತ ಕೇಳಿ. ಹೆಡ್‌ಗಾರ್ಡ್ ಚರ್ಮ ಹರಿಯುವುದನ್ನು ತಪ್ಪಿಸುತ್ತದೆ, ಮಿದುಳು ಅಲುಗುವುದನ್ನು ತಪ್ಪಿಸುವುದಿಲ್ಲ. ತಲೆಗೆ ಏಟು ಬಿದ್ದು ನಾಕೌಟ್ ಆದವರನ್ನು ಅಮೆಚೂರ್ ಬಾಕ್ಸಿಂಗ್‌ನಲ್ಲಿ ಕನಿಷ್ಠ 30 ದಿನ ರಿಂಗಿಗೆ ಬಿಡುವುದಿಲ್ಲ. ನಿಯಮವೇ ಅಷ್ಟು ಎಚ್ಚರದಿಂದಿರುವಾಗ ನಾವು ಅವಸರ ಪಡುವುದು ಯಾಕೆ ಅಲ್ವಾ?

ಕೇಳಿದವರು:
ತಲೆನೋವಿಲ್ಲ, ಕಣ್ಣು ಸರಿಯಾಗೇ ಕಾಣುತ್ತಿದೆಯಂತೆ. ಆದರೆ ಸುಮ್ನೆ ಕೂರುವ ಹುಡುಗಿ ಅಲ್ಲ.

ಹಳೆಯ ಬಾಕ್ಸರ್:
ಹಾಗಾದರೆ ಒಳ್ಳೆಯದು. ಕ್ಲಾಸಿಗೆ ಕಳಿಸಿ, ಸ್ಪಾರಿಂಗ್ ಮಾತ್ರ ಬೇಡ. ಕಾಲಿನ ಹೆಜ್ಜೆ, ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇಲ್ಲದೆ ಗಾಳಿಗೆ ಗುದ್ದುವುದು) ಮಾಡಲಿ. ಊತ ಇಳಿದ ಮೇಲೆ ಸ್ಕಿಪ್ಪಿಂಗ್, ಪಂಚಿಂಗ್ ಬ್ಯಾಗ್. ಕೋಚ್‌ಗೆ ನೀವೇ ಒಂದು ಮಾತು ಹೇಳಿ, ಮಕ್ಕಳು ಅವರ ಮುಂದೆ ನೋವನ್ನು ಮುಚ್ಚಿಡುತ್ತಾರೆ. ಸ್ಪಾರಿಂಗ್‌ಗೆ ಇಬ್ಬರಿಗೂ 16 ಔನ್ಸ್‌ನ, ದಪ್ಪ ಮೆತ್ತೆಯ ಗ್ಲೌಸ್ ಇದೆಯಾ ಅಂತಲೂ ಕೇಳಿ.