ಪಾಸಮ್ ಕಾಟ, ನಿಂಬೆ ಗಿಡಕ್ಕೆ ಬಲೆ ಹಾಕೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೆಲ್ಬರ್ನ್‌ನಲ್ಲಿ. ರಾತ್ರಿ ಪಾಸಮ್ (ಮರ ಹತ್ತುವ, ಬೆಕ್ಕಿನಷ್ಟಿರುವ ಇಲ್ಲಿನ ಕಾಡುಪ್ರಾಣಿ) ಬಂದು ನಿಂಬೆಹಣ್ಣಿನ ಸಿಪ್ಪೆ ಮಾತ್ರ ಕೆರೆದು ತಿನ್ನುತ್ತದೆ, ಬೆಳಿಗ್ಗೆ ನೋಡಿದರೆ ಬೋಳು ಹಣ್ಣು ಗಿಡದಲ್ಲೇ ನೇತಾಡುತ್ತಿರುತ್ತದೆ. ಪಾಲಕ್ ಸೊಪ್ಪನ್ನೂ ಬಿಟ್ಟಿಲ್ಲ. ಬೆಳ್ಳುಳ್ಳಿ ನೀರು ಸಿಂಪಡಿಸಿದೆ, ಒಂದು ಮಳೆಗೆ ತೊಳೆದುಹೋಯ್ತು. ಕಾಂಡಕ್ಕೆ 60 ಸೆಂ.ಮೀ. ಅಗಲದ ತಗಡು ಸುತ್ತಿದರೆ ಬೇಲಿಯಿಂದ ನೇರ ಕೊಂಬೆಗೆ ಹಾರುತ್ತದೆ. ಹಿಡಿದು ದೂರ ಬಿಡುವ ಹಾಗಿಲ್ಲ, ಇಲ್ಲಿ ಅದು ಸಂರಕ್ಷಿತ ಪ್ರಾಣಿ. ಅದಕ್ಕೆ ನೋವಾಗುವುದು ನನಗೂ ಬೇಡ.

ಉಳಿದಿರೋದು ಬಲೆ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ ಮನೆಯ ಹಣ್ಣಿನ ಗಿಡಗಳ ಬಲೆಯ ಕಣ್ಣು 5 ಮಿ.ಮೀ.ಗಿಂತ ದೊಡ್ಡದಿರಬಾರದು. ಅಷ್ಟು ಸಣ್ಣ ಕಣ್ಣಲ್ಲಿ ಜೇನುನೊಣ ಸಲೀಸಾಗಿ ಓಡಾಡಲ್ಲ, ಆದರೆ ನಿಂಬೆಯಲ್ಲಿ ಹೂವು, ಹಣ್ಣು ಒಟ್ಟಿಗೇ ಇರುತ್ತವೆ ಅಲ್ವಾ? ಇಡೀ ಗಿಡಕ್ಕೆ ಬಲೆ ಹಾಕಬೇಕಾ, ಹಣ್ಣಿರುವ ಕೊಂಬೆಗಳಿಗೆ ಮಾತ್ರ ಚೀಲ ಕಟ್ಟಿದರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.