ಹತ್ತನೇ ತರಗತಿಯ ಮಕ್ಕಳ ಮುಂದೆ ಫ್ರೀಲಾನ್ಸರ್ ಒಬ್ಬ ಏನನ್ನು ಹೇಳಬೇಕು?

ಪ್ರಶ್ನೆ: ಬನವಾಸಿ ಪಿಕ್ಸೆಲ್

ನಾನು ಓದಿದ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಮುಂದಿನ ತಿಂಗಳು ಹತ್ತನೇ ತರಗತಿಯ ಮಕ್ಕಳೊಂದಿಗೆ ಒಂದು ಅವಧಿ ಮಾತನಾಡುವಂತೆ ಕೇಳಿಕೊಂಡಿದ್ದಾರೆ. ನನಗೆ 23 ವರ್ಷ. ಡಿಪ್ಲೊಮಾ ಮುಗಿಸಿದ ಮೇಲೆ ಯಾವ ಕಂಪನಿಗೂ ಸೇರದೆ, ಶಿರಸಿ ಸಮೀಪದ ನಮ್ಮ ಮನೆಯಲ್ಲೇ ಕುಳಿತು ಹೊರದೇಶದ ಸಣ್ಣ ಗೇಮ್ ತಯಾರಕರಿಗೆ ಮೆನು, ಬಟನ್, ಅಕ್ಷರವಿನ್ಯಾಸ ಮತ್ತು ಚಿಕ್ಕ ಅನಿಮೇಶನ್‌ಗಳನ್ನು ಮಾಡಿಕೊಡುತ್ತೇನೆ. ಊರಿನವರ ಕಣ್ಣಿಗೆ ಇದು ‘ಮನೆಯಲ್ಲಿ ಕುಳಿತು ಡಾಲರ್ ಗಳಿಸುವ’ ಕೆಲಸವಾದ್ದರಿಂದ ನನಗೆ ಈ ಆಹ್ವಾನ ಬಂದಿದೆ.

ತೊಂದರೆ ಇರುವುದು ನನ್ನ ಅಭಿಪ್ರಾಯಗಳಲ್ಲಿ. ಶಾಲೆಯಲ್ಲಿ ಕಲಿತದ್ದು ನನ್ನ ದಿನನಿತ್ಯದ ಕೆಲಸಕ್ಕೆ ಅಷ್ಟಾಗಿ ಬಂದಿಲ್ಲವೆಂದೇ ನಾನು ನಂಬಿದ್ದೇನೆ. ಕೆಲಸ ಕಲಿತದ್ದು ಅನಿಮೇಶನ್ ಮಾಡುವ ಬ್ಲೆಂಡರ್, ಗೇಮ್ ಕಟ್ಟುವ ಗೋಡೋಗಳಂಥ ಉಚಿತ ತಂತ್ರಾಂಶಗಳನ್ನು ಇಳಿಸಿಕೊಂಡು, ರಾತ್ರಿಯೆಲ್ಲ ವಿಡಿಯೋ ನೋಡಿ. ಗೇಮ್ ಆಡುವುದು ಸಮಯ ಹಾಳು ಎಂದು ಬೈಸಿಕೊಂಡೇ ಬೆಳೆದೆ, ಆದರೆ ಯಾವ ಬಟನ್ ಪರದೆಯ ಎಲ್ಲಿರಬೇಕು, ಆಟಗಾರನಿಗೆ ಯಾವಾಗ ಬೇಸರ ಬರುತ್ತದೆ ಎಂಬ ತಿಳಿವಳಿಕೆ ಬಂದದ್ದು ಆ ಆಟದಿಂದಲೇ. ಲ್ಯಾಪ್‌ಟಾಪ್ ಹೆಗಲಿಗೇರಿಸಿ ಹಂಪಿಯಲ್ಲೋ ಗೋಕರ್ಣದಲ್ಲೋ ಕುಳಿತು ಕೆಲಸ ಮಾಡಬಹುದೆಂಬುದು ಈ ವೃತ್ತಿಯ ದೊಡ್ಡ ಸುಖವೆಂದೂ, ತಂತ್ರಜ್ಞಾನವು ಹಳ್ಳಿ ಮತ್ತು ಬೆಂಗಳೂರಿನ ನಡುವಿನ ಅಂತರವನ್ನು ಬಹುಮಟ್ಟಿಗೆ ಅಳಿಸಿದೆಯೆಂದೂ ನನಗೆ ಅನಿಸುತ್ತದೆ.

ಇದನ್ನೆಲ್ಲ ಇದ್ದಂತೆಯೇ ಹೇಳಿದರೆ ಮಕ್ಕಳು ಮರುದಿನ ಪುಸ್ತಕ ಮುಚ್ಚಿಟ್ಟಾರೆಂಬ ಅಳುಕಿದೆ. ಹೇಳದೆ ‘ಚೆನ್ನಾಗಿ ಓದಿ’ ಎಂದು ಮುಗಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಶಿಕ್ಷಕರು, ಇದೇ ವೃತ್ತಿಯಲ್ಲಿ ಇರುವವರು ಏನನ್ನುತ್ತೀರಿ?

ಉತ್ತರ: ಗಣಿತದ ಮೇಡಂ

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ನಿಮ್ಮ ಪ್ರಾಮಾಣಿಕತೆ ಇಷ್ಟವಾಯಿತು, ಆದರೆ ‘ಶಾಲೆಯಲ್ಲಿ ಕಲಿತದ್ದು ಕೆಲಸಕ್ಕೆ ಬಂದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಕೆಲಸಕ್ಕೆ ಬರುತ್ತಲೇ ಇದೆ. ನಾವು ಕಲಿಸುವಾಗ ಅದರ ಉಪಯೋಗವನ್ನು ತೋರಿಸಲಿಲ್ಲ, ನೀವು ಬಳಸುವಾಗ ಅದರ ಗುರುತು ಹಿಡಿಯಲಿಲ್ಲ.

ಹತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತವನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯುವ ಸೂತ್ರವಿದೆ. (2, 3) ಮತ್ತು (5, 7) ಕೊಟ್ಟರೆ ಮಕ್ಕಳು 5 ಎಂದು ಉತ್ತರ ಬರೆದು ಅಂಕ ಪಡೆದು ಮರೆತುಬಿಡುತ್ತಾರೆ. ಅವೇ ಬಿಂದುಗಳು ಗೇಮಿನೊಳಗಿನ ಎರಡು ಚೆಂಡುಗಳ ಕೇಂದ್ರಗಳೆಂದುಕೊಳ್ಳಿ. ಎರಡರ ತ್ರಿಜ್ಯವೂ 2 ಆಗಿದ್ದರೆ ಮೊತ್ತ 4, ಅಂದರೆ ದೂರಕ್ಕಿಂತ ಕಡಿಮೆ, ಆದ್ದರಿಂದ ಚೆಂಡುಗಳು ತಾಗಿಲ್ಲ. ತ್ರಿಜ್ಯ 3 ಆಗಿದ್ದರೆ ಮೊತ್ತ 6, ಡಿಕ್ಕಿಯಾಗಿದೆ. ನೀವು ಆಡಿದ ಗೇಮುಗಳಲ್ಲಿ ಗುಂಡು ತಗುಲಿತೋ ಇಲ್ಲವೋ ಎಂದು ನಿರ್ಧರಿಸುವ ಸರಳ ವಿಧಾನಗಳಲ್ಲಿ ಇದೂ ಒಂದು.

ಅದೇ ಅಧ್ಯಾಯದಲ್ಲಿ ಭಾಗಪ್ರಮಾಣ ಸೂತ್ರವೂ ಇದೆ, ರೇಖಾಖಂಡವೊಂದನ್ನು ಕೊಟ್ಟ ಅನುಪಾತದಲ್ಲಿ ಭಾಗಿಸುವ ಬಿಂದು ಎಲ್ಲಿದೆ ಎಂದು ಹುಡುಕುವುದಕ್ಕೆ. ಅನಿಮೇಶನ್ ಮಾಡುವ ನೀವು ಅದನ್ನು ಪ್ರತಿದಿನ ಬಳಸುತ್ತೀರಿ, ಅಲ್ಲಿ ಅದಕ್ಕೆ ‘ಲರ್ಪ್’ ಎಂಬ ಬೇರೆ ಹೆಸರಿದೆ ಅಷ್ಟೆ. ಬಟನ್ ಒಂದು ಪರದೆಯ ಮೇಲೆ 100ರಿಂದ 500ರವರೆಗೆ ಸರಿಯಬೇಕು, ನಾಲ್ಕನೇ ಒಂದು ಭಾಗ ಸಮಯ ಕಳೆದಾಗ ಎಲ್ಲಿರಬೇಕು? 1:3 ಅನುಪಾತದಲ್ಲಿ ಭಾಗಿಸಿದರೆ 200. ಇದನ್ನು ಕಪ್ಪುಹಲಗೆಯ ಮೇಲೆ ಮಾಡಿಸಿ ಉತ್ತರ ಬಂದೊಡನೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಟನ್ ಸರಿಸಿ ತೋರಿಸಿದರೆ, ವರ್ಷವಿಡೀ ನಾನು ಹೇಳಿ ಆಗದ ಕೆಲಸ ಒಂದು ಅವಧಿಯಲ್ಲಿ ಆಗುತ್ತದೆ. ಶತ್ರು ಪಾತ್ರವೊಂದು ಆಟಗಾರನ ಕಡೆಗೇ ಮುಖ ತಿರುಗಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ತ್ರಿಕೋನಮಿತಿಯ ಟ್ಯಾನ್ ಕೂಡ ಬಂದೇ ಬರುತ್ತದೆ.

ಪರೀಕ್ಷೆ, ಅಂಕ, ಬಾಯಿಪಾಠಗಳ ಕುರಿತು ನಿಮಗಿರುವ ಸಿಟ್ಟಿನಲ್ಲಿ ಅರ್ಧದಷ್ಟು ನನಗೂ ಇದೆ. ಅದನ್ನು ಶಿಕ್ಷಕರ ಕೊಠಡಿಯಲ್ಲಿ ಹೇಳಿ, ನಾವು ಕೇಳಬೇಕು. ಮಕ್ಕಳ ಮುಂದೆ ಅಭಿಪ್ರಾಯಗಳಿಗಿಂತ ಕೆಲಸವನ್ನೇ ತೋರಿಸಿ.

ಉತ್ತರ: ಒತ್ತಕ್ಷರ

ಬೆಂಗಳೂರಿನ ಗೇಮ್ ಸ್ಟುಡಿಯೊ ಒಂದರಲ್ಲಿ ಪ್ರೋಗ್ರಾಮರ್ ಆಗಿದ್ದೇನೆ. ಮೇಡಂ ಹೇಳಿದ ಉದಾಹರಣೆಗೆ ಸಣ್ಣ ಸೇರ್ಪಡೆ: ನಾವು ಎಷ್ಟೋ ಸಲ ವರ್ಗಮೂಲವನ್ನೇ ತೆಗೆಯುವುದಿಲ್ಲ. ದೂರದ ವರ್ಗ 25, ತ್ರಿಜ್ಯಗಳ ಮೊತ್ತದ ವರ್ಗ 16 ಅಥವಾ 36. ಇವನ್ನು ಹೋಲಿಸಿದರೆ ಸಾಕು, ಲೆಕ್ಕ ಬೇಗ ಮುಗಿಯುತ್ತದೆ. ಪರದೆಯ ಮೇಲೆ ವೈ ಅಕ್ಷ ಕೆಳಮುಖವಾಗಿ ಹೆಚ್ಚುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡಿ, ಇಲ್ಲವಾದರೆ ಪುಸ್ತಕದ ನಕ್ಷೆ ನೋಡಿದ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ತಂತ್ರಜ್ಞಾನ ಅಂತರವನ್ನು ಅಳಿಸಿದೆ ಎಂಬ ನಿಮ್ಮ ಮಾತಿನ ಬಗ್ಗೆ ನನಗೆ ತಕರಾರಿದೆ. ನೀವು ಅಕ್ಷರವಿನ್ಯಾಸ ಮಾಡುವವರು, ಆದ್ದರಿಂದ ಇದು ನಿಮಗೇ ಚೆನ್ನಾಗಿ ಗೊತ್ತಿರಬೇಕು. ಗೇಮ್ ಕಟ್ಟುವ ಇನ್ನೊಂದು ತಂತ್ರಾಂಶವಾದ ಯೂನಿಟಿಯಲ್ಲಿ ಅಕ್ಷರ ಮೂಡಿಸಲು ವರ್ಷಗಳಿಂದ ಎಲ್ಲರೂ ಬಳಸುತ್ತಿರುವ ಟೆಕ್ಸ್ಟ್‌ಮೆಶ್ ಪ್ರೊಗೆ ಕನ್ನಡದಂಥ ಲಿಪಿಗಳ ಅಕ್ಷರಜೋಡಣೆ ತಿಳಿಯದು. ‘ಸ್ತ್ರೀ’ ಎಂದು ಬರೆದರೆ ಒತ್ತುಗಳು ಕೆಳಗೆ ಕೂರದೆ ಬಿಡಿಬಿಡಿಯಾಗಿ ಪಕ್ಕಕ್ಕೆ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಗೇಮ್ ಮಾಡುವವನಿಗೆ ಈ ಸಮಸ್ಯೆ ಇರುವುದೇ ತಿಳಿಯುವುದಿಲ್ಲ. ಕನ್ನಡದಲ್ಲಿ ಮಾಡಹೊರಟವರು ಒಂದೋ ಪ್ರತಿ ಪದವನ್ನೂ ಚಿತ್ರವಾಗಿ ಅಂಟಿಸಬೇಕಿತ್ತು, ಇಲ್ಲವೇ ಹೊರಗಿನಿಂದ ಪ್ಲಗಿನ್, ಅಂದರೆ ಸೇರ್ಪಡೆ ತಂತ್ರಾಂಶ ತಂದು ಜೋಡಿಸಬೇಕಿತ್ತು. ಮಾರ್ಚ್ 2023ರಲ್ಲಿ ಬಂದ ಗೋಡೋ 4 ಅಕ್ಷರಜೋಡಣೆ ಮಾಡುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಒಳಗೊಂಡ ಮೇಲೆ, ಸರಿಯಾದ ಫಾಂಟ್ ಕೊಟ್ಟರೆ, ಅಲ್ಲಿ ಕನ್ನಡ ನೆಟ್ಟಗೆ ಮೂಡುತ್ತದೆ. ಅಂತರ ಅಳಿಯುವುದು ಹೀಗೆ, ಯಾರೋ ಕುಳಿತು ಅಳಿಸಿದಾಗ ಮಾತ್ರ. ಆ ಹತ್ತನೇ ತರಗತಿಯ ಮಕ್ಕಳು ಕನ್ನಡದಲ್ಲಿ ಓದುತ್ತಿರುವವರಾದ್ದರಿಂದ ಮೆನುವಿನ ಮೇಲೆ ‘ಪ್ರಾರಂಭಿಸು’ ಎಂದು ಕನ್ನಡದಲ್ಲೇ ಬರೆದು ತೋರಿಸಿ.

ಒಂದೇ ಸಾಧನವನ್ನು ನೆಚ್ಚಿಕೊಳ್ಳುವುದರ ಅಪಾಯವನ್ನೂ ಹೇಳುವುದು ಒಳ್ಳೆಯದು. ಸೆಪ್ಟೆಂಬರ್ 2023ರಲ್ಲಿ ಯೂನಿಟಿ ಕಂಪನಿಯು ನಿರ್ದಿಷ್ಟ ಮಿತಿ ದಾಟಿದ ಗೇಮುಗಳ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ವಿಧಿಸುವುದಾಗಿ ಘೋಷಿಸಿ ಎಲ್ಲೆಡೆ ಕೋಲಾಹಲವಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಆ ಶುಲ್ಕವನ್ನು ಕೈಬಿಟ್ಟರೂ, ನಡುವಿನ ಅವಧಿಯಲ್ಲಿ ಎಷ್ಟೋ ಸಣ್ಣ ತಯಾರಕರು ಗೋಡೋ ಕಡೆಗೆ ಹೊರಳಿದರು. ಆಗ ಸುಲಭವಾಗಿ ಹೊಸ ಸಾಧನ ಹಿಡಿದವರು ಗಣಿತ ಮತ್ತು ತರ್ಕ ಗೊತ್ತಿದ್ದವರು. ಯಾವ ಮೆನುವಿನಲ್ಲಿ ಯಾವ ಬಟನ್ ಇದೆ ಎಂದಷ್ಟೇ ಕಲಿತವರು ಒದ್ದಾಡಿದ್ದನ್ನು ನಮ್ಮ ತಂಡದಲ್ಲೇ ಕಂಡಿದ್ದೇನೆ. ಈಗ ಚಿತ್ರ ಬರೆಯುವ ಎಐ ಸಾಧನಗಳು ಬಂದ ಮೇಲೆ ಸಾಧಾರಣ ಐಕಾನ್‌ಗಳ ಕೆಲಸಕ್ಕೆ ಹೊರಗಿನವರನ್ನು ಕರೆಯುವುದು ನಮ್ಮಲ್ಲೂ ಕಡಿಮೆಯಾಗಿದೆ. ನಿಮ್ಮ ಇಂದಿನ ಕೆಲಸವೇ ಇಂದು ಹತ್ತನೇ ತರಗತಿಯಲ್ಲಿರುವವರಿಗೆ ಸಿಗುತ್ತದೆ ಎಂಬ ಭರವಸೆಯನ್ನು ಮಾತ್ರ ದಯವಿಟ್ಟು ಕೊಡಬೇಡಿ.

ಉತ್ತರ: ಗಂಟುಮೂಟೆ

ಪ್ರಯಾಣದ ವಿಚಾರಕ್ಕೆ ಬರುತ್ತೇನೆ. ನಾನೂ ಫ್ರೀಲಾನ್ಸರ್, ಜಾಲತಾಣ ವಿನ್ಯಾಸ ನನ್ನ ಕೆಲಸ, ಒಂಟಿಯಾಗಿ ಸಾಕಷ್ಟು ಸುತ್ತಿದ್ದೇನೆ. ಹಂಪಿಯಲ್ಲಿ ಕುಳಿತು ಕೆಲಸ ಮಾಡಿದ್ದೇನೆ ಎಂದರೆ ಕೇಳುವುದಕ್ಕೆ ಸೊಗಸು. ನಡೆದದ್ದೇನೆಂದರೆ, ಹಗಲು ವಿಠ್ಠಲ ದೇವಸ್ಥಾನ ನೋಡುವ ಹೊತ್ತಿಗೆ ಕೋಣೆಯಲ್ಲಿ ಮಲಗಿ ನಿದ್ದೆ ತೀರಿಸಿಕೊಳ್ಳುತ್ತಿದ್ದೆ, ಏಕೆಂದರೆ ನನ್ನ ಗ್ರಾಹಕರು ಇದ್ದದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ನಮಗೆ ಬೇಸಿಗೆಯಲ್ಲಿ ಸಂಜೆ 7.30, ಚಳಿಗಾಲದಲ್ಲಿ 8.30. ಅವರ ಕಚೇರಿ ಮುಗಿಯುವಾಗ ನಮ್ಮಲ್ಲಿ ನಡುರಾತ್ರಿ ದಾಟಿರುತ್ತದೆ. ಕೊಂಕಣ ರೈಲಿನಲ್ಲಿ ಕುಳಿತು ಫೈಲ್ ಕಳಿಸುತ್ತೇನೆಂದು ಹೊರಟವರಿಗೆ ಸುರಂಗಗಳೇ ಬುದ್ಧಿ ಕಲಿಸುತ್ತವೆ. ಹೆಣ್ಣುಮಕ್ಕಳಿಗೆ ಕೋಣೆಯ ಬಾಗಿಲು, ರಾತ್ರಿ ಊಟಕ್ಕೆ ಹೋಗುವ ದಾರಿ ಇವೂ ವೈಫೈಯಷ್ಟೇ ಮುಖ್ಯ. ಆದ್ದರಿಂದ ಕೆಲಸವನ್ನೂ ಸುತ್ತಾಟವನ್ನೂ ಬೇರೆಬೇರೆ ವಾರಗಳಿಗೆ ಹಂಚಿಕೊಳ್ಳುವುದನ್ನು ರೂಢಿಸಿಕೊಂಡೆ. ಫ್ರೀಲಾನ್ಸಿಂಗ್ ನಿಜವಾಗಿ ಕೊಡುವ ಸ್ವಾತಂತ್ರ್ಯವೆಂದರೆ ರಜೆಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು. ಆ ರಜೆಗೆ ಸಂಬಳವೂ ಇಲ್ಲ ಎಂಬುದು ಅದರ ಇನ್ನೊಂದು ಮುಖ.

ಶಾಲೆಗೂ ಪ್ರಯಾಣಕ್ಕೂ ಇರುವ ನಂಟನ್ನು ಮಕ್ಕಳಿಗೆ ಖಂಡಿತ ಹೇಳಿ. ಹತ್ತನೇ ತರಗತಿ ಪಾಸಾಗಿದ್ದರೆ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಮುದ್ರೆ ಬೀಳುವುದಿಲ್ಲ, ಅಂದರೆ ಕೊಲ್ಲಿ ರಾಷ್ಟ್ರಗಳಂಥ ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ವಲಸೆ ಅನುಮತಿ ಬೇಕಾಗುವುದಿಲ್ಲ. ಅಮೆರಿಕದಲ್ಲಿ ಉದ್ಯೋಗಕ್ಕಾಗಿ ಪಡೆಯುವ ಎಚ್-1ಬಿ ವೀಸಾಕ್ಕೆ ಪದವಿ ಅಥವಾ ಅದಕ್ಕೆ ಸಮಾನವಾದ ಅನುಭವ ತೋರಿಸಬೇಕು, ಆ ಲೆಕ್ಕದಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಅನುಭವ ಕಾಲೇಜಿನ ಒಂದು ವರ್ಷಕ್ಕೆ ಸಮ. ಥಾಯ್ಲೆಂಡ್ 2024ರಲ್ಲಿ ನಮ್ಮಂಥವರಿಗಾಗಿಯೇ ತಂದ ಐದು ವರ್ಷದ ಡಿಟಿವಿ ವೀಸಾಕ್ಕೆ ಪದವಿ ಕೇಳುವುದಿಲ್ಲ, ನಿಜ. ಆದರೆ 5 ಲಕ್ಷ ಬಾತ್ ಹಣ ಖಾತೆಯಲ್ಲಿದೆಯೆಂದು ತೋರಿಸಬೇಕು. ಗ್ರಾಹಕರು ನನ್ನ ಅಂಕಪಟ್ಟಿಯನ್ನು ಎಂದೂ ಕೇಳಿಲ್ಲ. ಅದನ್ನು ಕೇಳುವವರು ವೀಸಾ ಅಧಿಕಾರಿಗಳು.

ಉತ್ತರ: ಲೆಕ್ಕಪತ್ರ ಹುಬ್ಬಳ್ಳಿ

ಸಂಕ್ಷಿಪ್ತವಾಗಿ ಎರಡು ಮಾತು, ಒಂದು ತೆರಿಗೆ ಸಲಹೆಗಾರನಾಗಿ, ಇನ್ನೊಂದು ಹದಿಹರೆಯದ ಮಗನ ತಂದೆಯಾಗಿ.

ನಿಮ್ಮ ಡಾಲರ್ ಆದಾಯವನ್ನು ಹೇಳುವಾಗ ಕೆಲಸ ಕೊಡಿಸುವ ಆನ್‌ಲೈನ್ ವೇದಿಕೆಯ ಕಮಿಷನ್, ಆದಾಯ ತೆರಿಗೆ, ಕೆಲಸವಿಲ್ಲದ ತಿಂಗಳುಗಳು, ಪಿಎಫ್ ಇಲ್ಲದಿರುವುದು ಇವನ್ನೆಲ್ಲ ಕಳೆದೇ ಹೇಳಿ. ಸಂಬಳದ ಚೀಟಿ ಇಲ್ಲದವರು ಬ್ಯಾಂಕಿಗೆ ಸಾಲಕ್ಕೆ ಹೋದರೆ ಹಿಂದಿನ ವರ್ಷಗಳ ಆದಾಯ ತೆರಿಗೆ ವಿವರವನ್ನೇ ಕೇಳುತ್ತಾರೆ. ಕರಾರುಪತ್ರ ಓದುವಷ್ಟು ಇಂಗ್ಲಿಷ್ ಮತ್ತು ತಾಳ್ಮೆ ಎರಡೂ ಬೇಕು. ಉದಾಹರಣೆಗೆ, ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ಬರೆದುಕೊಡುವಾಗ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಪರಿಗಣಿತವಾಗುತ್ತದೆ. ವಿದೇಶಿ ಗ್ರಾಹಕರ ಕರಾರುಗಳಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಸ್ಪಷ್ಟವಾಗಿ ಬರೆದಿರುವುದೂ ಉಂಟು. ಸಹಿ ಹಾಕುವ ಮುನ್ನ ಅದು ಕಣ್ಣಿಗೆ ಬೀಳಬೇಕು.

ಗೇಮಿಂಗ್ ಬಗ್ಗೆ ಮಾತನಾಡುವಾಗ ಮಾಡುವುದು, ಆಡುವುದು, ಹಣ ಕಟ್ಟಿ ಆಡುವುದು ಈ ಮೂರನ್ನೂ ಬೇರೆಬೇರೆಯಾಗಿಡಿ. ಆಗಸ್ಟ್ 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದಕ್ಕೆ ಅದರಲ್ಲಿ ಜಾಗವಿಲ್ಲ, ಹಣ ಕಟ್ಟಿದರೆ ಎರಡೂ ಒಂದೇ. ‘ಗೇಮಿನಿಂದ ದುಡ್ಡು’ ಎಂದು ನೀವು ಅಂದರೆ ಹಿಂದಿನ ಬೆಂಚಿನ ಹುಡುಗರಿಗೆ ರಮ್ಮಿಯೇ ನೆನಪಾಗಬಹುದು. ಇನ್ನು ಅತಿಯಾಗಿ ಆಡುವ ಚಟದ ವಿಚಾರ: ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಲ್ಲಿರುವ ತನ್ನ ಕಾಯಿಲೆಗಳ ವರ್ಗೀಕರಣದಲ್ಲಿ ಅದನ್ನು ಸೇರಿಸಿದೆ, ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ 2014ರಿಂದ ಇದೆ. ರಾತ್ರಿಯೆಲ್ಲ ಎಚ್ಚರವಿದ್ದು ಕಲಿತೆ ಎಂಬ ನಿಮ್ಮ ಮಾತನ್ನು ಮಾತ್ರ ನನ್ನ ಮಗನಿಗೆ ಕೇಳಿಸಬೇಡಿ, ಅವನಿಗೆ ಒಂದು ನೆವ ಸಾಕು.

ಪ್ರಶ್ನೆ ಕೇಳಿದವರ ಮರುಮಾತು: ಬನವಾಸಿ ಪಿಕ್ಸೆಲ್

ಎಲ್ಲರಿಗೂ ಕೃತಜ್ಞತೆಗಳು. ಶಾಲೆಯ ಪರೀಕ್ಷಾ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಮೇಡಂ ಅವರ ಭಾಗಪ್ರಮಾಣ ಸೂತ್ರದ ಉದಾಹರಣೆಯನ್ನೇ ಪಾಠದ ಕೇಂದ್ರವಾಗಿಟ್ಟುಕೊಳ್ಳುತ್ತೇನೆ. ಎರಡು ಚೆಂಡು, ಒಂದು ಸರಿಯುವ ಬಟನ್, ಕನ್ನಡದ ಮೆನು, ಇಷ್ಟೇ ಇರುವ ಗೇಮನ್ನು ಅವರ ಎದುರಿಗೇ ಕಟ್ಟಬೇಕೆಂದಿದ್ದೇನೆ. ಉಳಿದ ಹದಿನೈದು ನಿಮಿಷ ಅವರ ಪ್ರಶ್ನೆಗಳಿಗೆ. ಹಣದ ಬಗ್ಗೆ ಕೇಳಿದರೆ ಕಳೆಯಬೇಕಾದದ್ದನ್ನು ಕಳೆದೇ ಹೇಳುತ್ತೇನೆ. ಒತ್ತಕ್ಷರ ಸರ್, ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಇರುವವು ಹಳೆಯ ಯಂತ್ರಗಳು, ಇಂಟರ್ನೆಟ್ ಇಲ್ಲ. ಮಕ್ಕಳು ತಾವೇ ಮಾಡಿ ನೋಡಲು ಗೋಡೋ 4 ಅವುಗಳಲ್ಲಿ ಓಡೀತೇ?

ಉತ್ತರ: ಒತ್ತಕ್ಷರ

ಅನುಸ್ಥಾಪನೆಯ ಅಗತ್ಯವಿಲ್ಲ. ಪೆನ್‌ಡ್ರೈವಿನಲ್ಲಿ ಒಯ್ದು ನೇರವಾಗಿ ತೆರೆಯಬಹುದು, ಇಂಟರ್ನೆಟ್ಟೂ ಬೇಡ. ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಪ್ರತ್ಯೇಕ ಕಡತಗಳಿರುವುದರಿಂದ ಎರಡನ್ನೂ ಇಟ್ಟುಕೊಂಡಿರಿ. ಹೊಸ ಪ್ರಾಜೆಕ್ಟ್ ಮಾಡುವಾಗ ಪರದೆಗೆ ಚಿತ್ರ ಮೂಡಿಸುವ ರೆಂಡರರ್‌ಗಳಲ್ಲಿ ‘ಕಂಪ್ಯಾಟಿಬಿಲಿಟಿ’ಯನ್ನು ಆರಿಸಿಕೊಳ್ಳಿ. ಅದಕ್ಕೆ ಓಪನ್‌ಜಿಎಲ್ 3.3 ಎಂಬ ಗ್ರಾಫಿಕ್ಸ್ ಸೌಲಭ್ಯ ಇದ್ದರೆ ಸಾಕು, ತೀರಾ ಹಳೆಯ ಯಂತ್ರಗಳಲ್ಲಿ ಅದೂ ಇರುವುದಿಲ್ಲ. ಹಿಂದಿನ ದಿನವೇ ಹೋಗಿ ಪ್ರತಿಯೊಂದು ಯಂತ್ರದಲ್ಲೂ ಒಮ್ಮೆ ತೆರೆದು ನೋಡಿ, ಕನ್ನಡ ಫಾಂಟ್ ಕಡತವನ್ನು ಪ್ರಾಜೆಕ್ಟಿನೊಳಗೇ ಹಾಕಿಡಿ. ಯಾವ ಯಂತ್ರದಲ್ಲೂ ಓಡದಿದ್ದರೆ ನಿಮ್ಮ ಲ್ಯಾಪ್‌ಟಾಪನ್ನೇ ಸರದಿಯ ಮೇಲೆ ಅವರ ಕೈಗೆ ಕೊಡಿ, ಚಾರ್ಜರ್ ಮರೆಯಬೇಡಿ.